ಬೋರ್ ನೀರಿನ ಆರ್ಸೆನಿಕ್: ಕಬ್ಬಿಣದ ಮೀಡಿಯಾ ಎಷ್ಟು ಬೇಕು?

ಪ್ರಶ್ನೆ: ಯಲಹಂಕದಲ್ಲಿ ಕಾಲಮ್ (ಮೀಡಿಯಾ ತುಂಬಿ ನೀರು ಹಾಯಿಸೋ ಫಿಲ್ಟರ್ ಕೊಳವೆ) ಕಟ್ಟಿಸಿ ರಾಯಚೂರು ಜಿಲ್ಲೆಯ ಹಟ್ಟಿ ಕಡೆಯ ಬೋರ್‌ವೆಲ್‌ಗೆ ಕಳಿಸಬೇಕು. ಆರ್ಸೆನಿಕ್ ಲೀಟರಿಗೆ 40 ಮೈಕ್ರೋಗ್ರಾಂ, ಪಿಎಚ್ 8.2, ಹರಿವು ನಿಮಿಷಕ್ಕೆ 5 ಲೀಟರ್. ಫೆರಿಕ್ ಹೈಡ್ರಾಕ್ಸೈಡ್ ಹರಳು (ಆರ್ಸೆನಿಕ್ ಹಿಡಿದಿಡೋ ಕಬ್ಬಿಣದ ಮೀಡಿಯಾ) 10 ಲೀಟರ್ ಸಾಕಾ ಸರ್?

ಉತ್ತರ 1: ಸಾಲಲ್ಲ. ನೀರಿಗೆ ಮೀಡಿಯಾ ಜೊತೆ ಬರೀ 2 ನಿಮಿಷ ಸಂಪರ್ಕ ಸಿಗುತ್ತೆ. 5 ನಿಮಿಷಕ್ಕೆ ಲೆಕ್ಕ ಹಾಕಿ, 25 ಲೀಟರ್ ಹಾಕಿ. ಹರಳಿಗೆ ಸುಲಭವಾಗಿ ಅಂಟದ ಆರ್ಸೆನಿಕ್-3 ರೂಪ ಇದ್ದರೆ ಮೊದಲು ಕ್ಲೋರಿನ್ ಕೊಟ್ಟು ಆರ್ಸೆನಿಕ್-5ಕ್ಕೆ (ಆರ್ಸೆನೇಟ್) ತಿರುಗಿಸಿ.

ಉತ್ತರ 2: ಪಿಎಚ್ ಇಳಿಸದಿದ್ದರೆ ಅದೂ ಅರ್ಧ ಕೆಲಸವೇ. 8 ದಾಟಿದಂತೆ ಹರಳಿನ ಮೈ ಋಣ ಆವೇಶಕ್ಕೆ ತಿರುಗಿ ಆರ್ಸೆನೇಟನ್ನ ದೂರ ತಳ್ಳುತ್ತೆ. 7ರ ಹತ್ತಿರ ತನ್ನಿ. ಸಿಲಿಕಾ, ಫಾಸ್ಫೇಟ್ ಟೆಸ್ಟ್ ಮಾಡಿಸಿದ್ರಾ? ಅವೂ ಅದೇ ಜಾಗಕ್ಕೆ ಪೈಪೋಟಿ ಮಾಡ್ತವೆ, ಮೀಡಿಯಾ ಬೇಗ ಮುಗಿಯುತ್ತೆ.

ಉತ್ತರ 3: ಶುರುವಲ್ಲಿ ಕೆಂಪು ನೀರು ನಿಲ್ಲೋವರೆಗೆ ಬ್ಯಾಕ್‌ವಾಶ್ ಮಾಡಿ (ನೀರನ್ನ ಕೆಳಗಿಂದ ಮೇಲಕ್ಕೆ ಹಾಯಿಸಿ ತೊಳೀರಿ). ಹೊರಬರೋ ನೀರಲ್ಲಿ ಆರ್ಸೆನಿಕ್ ಲೀಟರಿಗೆ 10 ಮೈಕ್ರೋಗ್ರಾಂ ಮುಟ್ಟೋ ಮುಂಚೆ ಮೀಡಿಯಾ ಬದಲಿಸಿ, ಕುಡಿಯೋ ನೀರಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮಿತಿ ಅದೇ. ಹಳೇ ಮೀಡಿಯಾನ ಚರಂಡಿಗೆ ಸುರೀಬೇಡಿ.