ರಾಯಚೂರು ಯುದ್ಧದ ಪ್ರಾಜೆಕ್ಟ್: 7 ಲಕ್ಷ ಕಾಲಾಳು ಅಂತ ಬರೆಸಬಹುದಾ?

ರಾಯಚೂರಿನ ತಾಯಿ: ಮಗಳು ಒಂಬತ್ತನೇ ಕ್ಲಾಸು. ಕೃಷ್ಣದೇವರಾಯ ಮತ್ತು ಬಿಜಾಪುರದ ಸುಲ್ತಾನ ಇಸ್ಮಾಯಿಲ್ ಆದಿಲ್ ಶಾಹನ ಯುದ್ಧದ ಬಗ್ಗೆ ಪ್ರಾಜೆಕ್ಟ್ ಮಾಡುತ್ತಿದ್ದಾಳೆ. ರಾಯನ ಕಾಲಾಳು 7 ಲಕ್ಷಕ್ಕೂ ಜಾಸ್ತಿ ಅಂತ ಮೊಬೈಲಿನಲ್ಲಿ ಸಿಗುತ್ತದೆ. ಇಸವಿ ಒಂದು ಕಡೆ 1520, ಇನ್ನೊಂದು ಕಡೆ 1522. ಯಾವುದು ಸರಿ?

ಸಿಂಧನೂರಿನ ಅಪ್ಪ: ಪುಸ್ತಕದಲ್ಲಿ ಇದ್ದಷ್ಟು ಬರೆಸಿ ಅಕ್ಕಾ. ಮಾರ್ಕ್ಸ್ ಕೊಡುವವರಿಗೆ ಒಂದೇ ಉತ್ತರ ಬೇಕು.

ಕೊಪ್ಪಳದ ಹೈಸ್ಕೂಲ್ ಮೇಷ್ಟ್ರು: ಆ ಲೆಕ್ಕ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದದ್ದು. 7,03,000 ಕಾಲಾಳು, 32,600 ಕುದುರೆ, 551 ಆನೆ. ಅವನು ವಿಜಯನಗರದಲ್ಲಿದ್ದು ಬರೆದದ್ದು 1535ರ ಆಸುಪಾಸಿನಲ್ಲಿ, ಅಂದರೆ ಯುದ್ಧ ಮುಗಿದು ಹದಿನೈದು ವರ್ಷದ ಮೇಲೆ. ಅಷ್ಟು ಜನಕ್ಕೆ ಬೇಸಿಗೆಯಲ್ಲಿ ನೀರು, ಕುದುರೆಗಳಿಗೆ ಮೇವು ಎಲ್ಲಿಂದ ಬಂತು ಅಂತ ಮಗಳೇ ಯೋಚಿಸಲಿ. ನಮ್ಮ ಸೀಮೆಯ ಮೇ ತಿಂಗಳು ಅವಳಿಗೆ ಗೊತ್ತೇ ಇದೆ ಅಲ್ವಾ?

ಇಸವಿಯ ವಿಷಯ ಬೇರೆ. ನೂನಿಜ್ 1522 ಅಂತಾನೆ, ಜೊತೆಗೆ ಶನಿವಾರ, ಅಮಾವಾಸ್ಯೆ ಅಂತಲೂ ಹೇಳುತ್ತಾನೆ. ವಿಜಯನಗರದ ಇತಿಹಾಸ ಬರೆದ ಬ್ರಿಟಿಷ್ ಅಧಿಕಾರಿ ರಾಬರ್ಟ್ ಸಿವೆಲ್ ವಾರ, ತಿಥಿ ತಾಳೆ ನೋಡಿ 1520ರ ಮೇ 19 ಅಂತ ತೀರ್ಮಾನಿಸಿದ. ಒಂದೇ ಬರಹದಲ್ಲಿ ಇಸವಿ ತಪ್ಪಿದ್ದು, ವಾರ ಉಪಯೋಗಕ್ಕೆ ಬಂತು!

ಬಳ್ಳಾರಿಯ ಎಂ.ಎ. ವಿದ್ಯಾರ್ಥಿನಿ: ಇತಿಹಾಸಕಾರ ಫಿರಿಶ್ತಾನನ್ನೂ ಓದಿಸಿ ಅಕ್ಕಾ. ಆದಿಲ್ ಶಾಹ ಕುಡಿದ ಅಮಲಿನಲ್ಲಿ ಸ್ವಲ್ಪ ಸೈನ್ಯ ಮಾತ್ರ ಕಟ್ಟಿಕೊಂಡು ಕೃಷ್ಣೆ ದಾಟಿದ ಅಂತ ಅವನು ಬರೆಯುತ್ತಾನೆ. ನೂನಿಜ್ ಬರೆದಿರುವುದು ಬೇರೆಯೇ: ಎರಡೂ ಕಡೆ ದೊಡ್ಡ ಸೈನ್ಯ, ಬಿಜಾಪುರದ ಫಿರಂಗಿಗಳ ಹೊಡೆತಕ್ಕೆ ರಾಯನ ಮುಂಚೂಣಿ ಮೊದಲು ಹಿಂದೆ ಸರಿಯಿತು.

ಸಿಂಧನೂರಿನ ಅಪ್ಪ: ಫಿರಿಶ್ತಾ ಬಿಜಾಪುರದ ಆಸ್ಥಾನದಲ್ಲಿದ್ದವನು. ಸೋತ ಕಡೆಯವನ ಮಾತು ಯಾಕೆ ನಂಬಬೇಕು?

ಬಳ್ಳಾರಿಯ ಎಂ.ಎ. ವಿದ್ಯಾರ್ಥಿನಿ: ಸೋಲನ್ನು ಅವನೇ ಒಪ್ಪಿಕೊಂಡಿದ್ದಾನಲ್ಲ ಅಣ್ಣಾ. ಆದರೆ ತಪ್ಪೆಲ್ಲ ಕುಡಿತದ ಮೇಲೆ ಹೋದರೆ ಸೈನ್ಯದ ಮಾನ ಉಳಿಯುತ್ತದೆ. ಅದಕ್ಕೇ ಕುಡಿತದ ಕಥೆಯನ್ನು ಪೂರ್ತಿ ನಂಬಲ್ಲ. ಸುಮ್ನೆ ಬಿಸಾಡುವುದೂ ಇಲ್ಲ. ಆದಿಲ್ ಶಾಹ ಹೊಳೆ ದಾಟಿದ, ಸೋತ. ಇಷ್ಟನ್ನು ಎರಡೂ ಕಡೆಯವರು ಹೇಳುತ್ತಾರೆ. ಅದನ್ನು ಧೈರ್ಯವಾಗಿ ಬರೆಯಬಹುದು.

ಕೊಪ್ಪಳದ ಹೈಸ್ಕೂಲ್ ಮೇಷ್ಟ್ರು: ಕೋಟೆಗೂ ಕರೆದುಕೊಂಡು ಹೋಗಿ. ಅಲ್ಲಿನ ಉದ್ದನೆಯ ಕಲ್ಲಿನಲ್ಲಿ 1294ರ ಶಾಸನ ಇದೆ, ಕಾಕತೀಯರ ಕಾಲದ್ದು. ಕೋಟೆ ಕಟ್ಟಿಸಿದ್ದೇ ಕೃಷ್ಣದೇವರಾಯ ಅಂತ ಬರೆಯುವ ಮಕ್ಕಳಿಗೆ ನಾನು ಮೊದಲು ತೋರಿಸುವುದು ಅದನ್ನೇ.

ರಾಯಚೂರಿನ ತಾಯಿ: ಹಾಗಾದರೆ 7 ಲಕ್ಷ ಹೊಡೆದುಹಾಕಿಸಲಾ ಸರ್?

ಕೊಪ್ಪಳದ ಹೈಸ್ಕೂಲ್ ಮೇಷ್ಟ್ರು: ಬೇಡಮ್ಮಾ. "ನೂನಿಜ್ ಹೇಳುವ ಪ್ರಕಾರ" ಅಂತ ಸೇರಿಸಿ, ಅವನು ಬರೆದ ಕಾಲವನ್ನೂ ಹಾಕಿಸಿ. ಪಕ್ಕದಲ್ಲೇ ಫಿರಿಶ್ತಾ ಹೇಳಿದ್ದು ಇರಲಿ.

ಸಿಂಧನೂರಿನ ಅಪ್ಪ: ಅದಕ್ಕೆ ಮಾರ್ಕ್ಸ್ ಕಟ್ ಮಾಡಿದರೆ?

ಕೊಪ್ಪಳದ ಹೈಸ್ಕೂಲ್ ಮೇಷ್ಟ್ರು: ನನ್ನ ಕ್ಲಾಸಿನಲ್ಲಿ ಹಾಗೆ ಬರೆದವರಿಗೇ ಜಾಸ್ತಿ ಕೊಡುತ್ತೇನೆ.