ಅಪ್‌ಡೇಟ್: ಅಣ್ಣನ ಅಂಗವೈಕಲ್ಯ ಭತ್ಯೆಯ ಪ್ರಕರಣಕ್ಕೆ ಯಾವ ನ್ಯಾಯಾಧೀಶರು?

ಅಮೆರಿಕದಲ್ಲಿರುವ ಅಣ್ಣನ ಸೋಷಿಯಲ್ ಸೆಕ್ಯುರಿಟಿ (ಸರ್ಕಾರದ ಸಾಮಾಜಿಕ ಭದ್ರತೆ) ಅಂಗವೈಕಲ್ಯ ಭತ್ಯೆಯ ಪ್ರಕರಣ ಫೆಡರಲ್ ಜಿಲ್ಲಾ ನ್ಯಾಯಾಲಯಕ್ಕೆ ಹೋಗಿದೆ, ಅದನ್ನು ಜಿಲ್ಲಾ ನ್ಯಾಯಾಧೀಶರ ಬದಲು ಮ್ಯಾಜಿಸ್ಟ್ರೇಟ್ ನ್ಯಾಯಾಧೀಶರೇ (ಅದೇ ನ್ಯಾಯಾಲಯದಲ್ಲಿ ನಿಗದಿತ ಅವಧಿಗೆ ನೇಮಕವಾದವರು) ತೀರ್ಮಾನಿಸಲು ಒಪ್ಪಿಗೆ ಕೊಡಬೇಕೇ ಎಂದು ಹಿಂದೆ ಇಲ್ಲಿ ಕೇಳಿದ್ದೆ. ಕೊಟ್ಟೆವು. ಎದುರು ಪಕ್ಷವಾದ ಸೋಷಿಯಲ್ ಸೆಕ್ಯುರಿಟಿ ಇಲಾಖೆಯೂ ಒಪ್ಪಿತು. ಎರಡೂ ಕಡೆ ಒಪ್ಪದಿದ್ದರೆ ಅದು ನಡೆಯುವುದಿಲ್ಲ.

ಕೆಲಸಕ್ಕೆ ಬಂದ ಸಲಹೆ, ‘ಒಪ್ಪದಿದ್ದರೆ ಅಲ್ಲಿ ಏನಾಗುತ್ತದೆಂದು ವಕೀಲರನ್ನು ಮೊದಲು ಕೇಳಿ’ ಎಂಬುದು. ಒಪ್ಪದಿದ್ದರೂ ಜಿಲ್ಲಾ ನ್ಯಾಯಾಧೀಶರು ಕಡತವನ್ನು ವರದಿಗಾಗಿ ಮ್ಯಾಜಿಸ್ಟ್ರೇಟರಿಗೇ ಕಳುಹಿಸಬಹುದಂತೆ. ವರದಿಗೆ ಆಕ್ಷೇಪ ಸಲ್ಲಿಸಲು 14 ದಿನ, ಆಮೇಲೆ ಜಿಲ್ಲಾ ನ್ಯಾಯಾಧೀಶರ ತೀರ್ಮಾನ. ಇನ್ನೊಬ್ಬರ ಕಣ್ಣಿಗೆ ಬೀಳುವ ಲಾಭವೇನೋ ಇದೆ, ಆದರೆ ಸಂಬಳವಿಲ್ಲದ ಅಣ್ಣನಿಗೆ ಕಾಯುವುದೇ ದೊಡ್ಡ ಕಷ್ಟ. ಒಪ್ಪಿದರೆ ಮ್ಯಾಜಿಸ್ಟ್ರೇಟರದೇ ತೀರ್ಪು. ಮೇಲ್ಮನವಿ ನೇರವಾಗಿ ಸರ್ಕಿಟ್ ನ್ಯಾಯಾಲಯಕ್ಕೆ, ಅಂದರೆ ಫೆಡರಲ್ ಮೇಲ್ಮನವಿ ನ್ಯಾಯಾಲಯಕ್ಕೆ.

‘ಆಜೀವ ನೇಮಕದವರನ್ನೇ ಬಯಸಿ’, ಅಂದರೆ ಜಿಲ್ಲಾ ನ್ಯಾಯಾಧೀಶರೇ ಬೇಕೆನ್ನಿ, ಎಂಬ ಮಾತು ನಮಗೆ ಒಗ್ಗಲಿಲ್ಲ. ಮ್ಯಾಜಿಸ್ಟ್ರೇಟರ ಅವಧಿ 8 ವರ್ಷ, ನಿಜ. ಆದರೆ ಇಂಥ ಪ್ರಕರಣಗಳಲ್ಲಿ ಅನೇಕರು ನುರಿತವರು.

ನನಗೆ ಅಚ್ಚರಿಯಾದದ್ದು: ಇಲ್ಲಿ ಸಾಕ್ಷಿ ವಿಚಾರಣೆಯೇ ಇಲ್ಲ, ಇಲಾಖೆಯ ಮುಂದಿದ್ದ ಹಳೆಯ ದಾಖಲೆಯ ಮೇಲಷ್ಟೇ ಪರಿಶೀಲನೆ. ವಕೀಲರು ಈಗ ಲಿಖಿತ ವಾದ ಬರೆಯುತ್ತಿದ್ದಾರೆ.