ಸಹಾಯ ಬೇಕು: ಬೇಸ್‌ಬಾಲ್‌ನಲ್ಲಿ ದುಡ್ಡು ಸುರಿದವರೇ ಗೆಲ್ಲೋದಾ?

ಎಲ್ಲರಿಗೂ ನಮಸ್ಕಾರ. ಎಂ.ಎ. ಅರ್ಥಶಾಸ್ತ್ರದ ಪ್ರಾಜೆಕ್ಟ್‌ಗೆ ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್ ಆರಿಸ್ಕೊಂಡು ಈಗ ತಲೆ ಕೆರ್ಕೊಳ್ತಿದ್ದೀನಿ. ನಮ್ಮ ಐಪಿಎಲ್‌ನಲ್ಲಿ ಆಟಗಾರರ ಮೇಲಿನ ಖರ್ಚಿಗೆ ಗಟ್ಟಿ ಮಿತಿ ಇದೆ, ಅಲ್ಲಿ ಇಲ್ಲ. ಸಂಬಳದ ಖರ್ಚಿಗೆ ಲೀಗ್ ಹಾಕಿದ ಗೆರೆ ದಾಟಿದ ತಂಡ ತೆರಿಗೆ ಕಟ್ಟಿದ್ರೆ ಆಯ್ತು. 2024ರಲ್ಲಿ ಆ ಗೆರೆ 23.7 ಕೋಟಿ ಡಾಲರ್. ಲಾಸ್ ಏಂಜಲೀಸ್‌ನ ಡಾಡ್ಜರ್ಸ್ ತಂಡದವರು ಅದನ್ನ ಸಲೀಸಾಗಿ ದಾಟಿ 2024, 2025 ಎರಡೂ ವರ್ಷ ವರ್ಲ್ಡ್ ಸೀರೀಸ್ (ಲೀಗ್‌ನ ಫೈನಲ್) ಗೆದ್ರು. ಸರಿ, ದುಡ್ಡೇ ದೊಡ್ಡಪ್ಪ ಅಂತ ಬರೆದು ಮುಗಿಸೋಣ ಅಂದ್ರೆ, 2023ರಲ್ಲಿ ಎಲ್ಲರಿಗಿಂತ ಹೆಚ್ಚು ಸಂಬಳ ಕೊಟ್ಟ ನ್ಯೂಯಾರ್ಕ್‌ನ ಮೆಟ್ಸ್ ತಂಡ 162ರಲ್ಲಿ 75 ಪಂದ್ಯ ಮಾತ್ರ ಗೆದ್ದು ಪ್ಲೇಆಫ್ ಮುಖಾನೇ ನೋಡ್ಲಿಲ್ಲ. 2002ರ ಓಕ್ಲೆಂಡ್ ತಂಡ ಅಂತೂ ಅಷ್ಟು ಕಡಿಮೆ ದುಡ್ಡಲ್ಲಿ 103 ಗೆದ್ದಿತ್ತು!

ನನ್ನ ತೊಡಕು ಇದು: ಖರ್ಚು ಮಾಡಿದ್ದಕ್ಕೆ ಗೆದ್ರಾ, ಗೆದ್ದು ಬಂದ ಆದಾಯದಿಂದ ಖರ್ಚು ಹೆಚ್ಚಾಯ್ತಾ? ಇವೆರಡನ್ನ ಬೇರ್ಪಡಿಸೋಕೆ ಹಿಂದಿನ ವರ್ಷದ ಗೆಲುವನ್ನ ರಿಗ್ರೆಷನ್‌ಗೆ (ಒಂದರ ಮೇಲೆ ಇನ್ನೊಂದರ ಪರಿಣಾಮ ಅಳೆಯೋ ಲೆಕ್ಕಕ್ಕೆ) ಸೇರಿಸಿದ್ರೆ ಸಾಕಾ? ಇನ್ನೊಂದು, ಡಾಡ್ಜರ್ಸ್ ಆಟಗಾರ ಒಹ್ತಾನಿಯ 70 ಕೋಟಿ ಡಾಲರ್ ಒಪ್ಪಂದದಲ್ಲಿ 68 ಕೋಟಿ ಒಪ್ಪಂದ ಮುಗಿದ ಮೇಲೆ ಕೊಡೋದು. ಅದನ್ನ ಯಾವ ವರ್ಷದ ಖರ್ಚು ಅಂತ ಹಿಡೀಲಿ?

ಇಕನೊಮೆಟ್ರಿಕ್ಸ್ ಗೊತ್ತಿರೋರು ದಯವಿಟ್ಟು ಹೇಳಿ. ನಮ್ಮ ಗೈಡ್ ಮೇಡಂಗೆ ಕ್ರಿಕೆಟ್ಟೇ ಅಷ್ಟಕ್ಕಷ್ಟೆ, ಇನ್ನು ಬೇಸ್‌ಬಾಲ್ ಕೇಳ್ಬೇಡಿ.